ಮಾತಿಲ್ಲದ ಮಹಾಸಮರ: ಹಾಲಿವುಡ್‌ನಿಂದ ನಂದೂರಿನವರೆಗೆ ಟಾಮ್ ಮತ್ತು ಜೆರ್ರಿ

ಭವ್ಯವಾದ ಸಭಾಂಗಣ. ವೇದಿಕೆಯ ನಡುವೆ ಒಂದು ಪಿಯಾನೊ. ಕಪ್ಪು ಕೋಟು ತೊಟ್ಟ ಬೂದುಬಣ್ಣದ ಬೆಕ್ಕೊಂದು ರಾಜಗಾಂಭೀರ್ಯದಿಂದ ನಡೆದು ಬಂದು, ಸಭೆಗೆ ತಲೆಬಾಗಿ, ಆಸನದಲ್ಲಿ ಕುಳಿತು, ಕಣ್ಣು ಅರೆಮುಚ್ಚಿ ಮೊದಲ ಸ್ವರವನ್ನು ಒತ್ತುತ್ತದೆ. ಪಿಯಾನೊದ ಒಡಲಲ್ಲಿ, ತಂತಿಗಳನ್ನು ಬಡಿಯುವ ಮರದ ಸುತ್ತಿಗೆಗಳ ಮೇಲೆ, ಪುಟ್ಟ ಇಲಿಯೊಂದು ಸುಖನಿದ್ರೆಯಲ್ಲಿದೆ. ಬೆಕ್ಕಿನ ಒಂದೊಂದು ಸ್ವರವೂ ಆ ಇಲಿಯನ್ನು ಎತ್ತಿ ಎತ್ತಿ ಹಾಕುತ್ತದೆ. ನಿದ್ರಾಭಂಗವಾದ ಇಲಿಗೆ ಕಛೇರಿಯನ್ನು ಕೆಡಿಸಲೇಬೇಕು. ಸಹೃದಯರ ಮುಂದೆ ಕುಳಿತ ಬೆಕ್ಕಿಗೆ ಅದನ್ನು ಮುಗಿಸಲೇಬೇಕು. ಅಲ್ಲಿಂದ ಮುಂದೆ ನಡೆಯುವುದೆಲ್ಲ ಯುದ್ಧ. ಆದರೆ ಆ ಯುದ್ಧದ ಒಂದು ಪೆಟ್ಟೂ ತಾಳ ತಪ್ಪಿ ಬೀಳುವುದಿಲ್ಲ.

ಬೆಕ್ಕು ಟಾಮ್, ಇಲಿ ಜೆರ್ರಿ. ಇದು ‘ದ ಕ್ಯಾಟ್ ಕಾನ್ಸರ್ಟೊ’. 1947ರ ಏಪ್ರಿಲ್‌ನಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ತೆರೆಕಂಡ ಈ ವ್ಯಂಗ್ಯಚಿತ್ರದ ಅವಧಿ ಏಳು ನಿಮಿಷದ ಆಸುಪಾಸು. ಇದರಲ್ಲಿ ಸಂಭಾಷಣೆ ಎಂಬುದೇ ಇಲ್ಲ. ಬೆಕ್ಕಿನ ಅಹಂಕಾರ, ಇಲಿಯ ಕೋಪ, ಇಬ್ಬರ ಹಟ, ಕೊನೆಗೊಬ್ಬನ ಸೋಲು, ಇವೆಲ್ಲವನ್ನೂ ಫ್ರಾನ್ಸ್ ಲಿಸ್ಟ್ ಎಂಬ ಹಂಗೇರಿಯ ಮಹಾಸಂಗೀತಗಾರ ಅದಕ್ಕೆ ಸರಿಯಾಗಿ ನೂರು ವರ್ಷ ಮೊದಲು, 1847ರಲ್ಲಿ, ರಚಿಸಿದ ‘ಹಂಗೇರಿಯನ್ ರಾಪ್ಸೊಡಿ’ ಸರಣಿಯ ಎರಡನೆಯ ಕೃತಿಯೇ ಹೇಳಿ ಮುಗಿಸುತ್ತದೆ. ಆ ಕೃತಿಯ ಮೊದಲ ಭಾಗ ಮಂದಗತಿಯದು, ಎರಡನೆಯದು ಬಿರುಗಾಳಿಯಂಥದು. ವಿಲಂಬಿತದಲ್ಲಿ ರಾಗವನ್ನು ನೆಲೆಗೊಳಿಸಿ ದ್ರುತಕ್ಕೇರುವ ಹಿಂದೂಸ್ತಾನಿ ಗಾಯನವನ್ನು ಕೇಳಿ ಬೆಳೆದ ಉತ್ತರ ಕರ್ನಾಟಕದ ಕಿವಿಗೆ ಈ ನಡೆ ಅಪರಿಚಿತವೆನಿಸುವುದಿಲ್ಲ. ಮಂದಗತಿಯಲ್ಲಿ ಬೆಕ್ಕೂ ಇಲಿಯೂ ಪರಸ್ಪರ ಅಳೆದುಕೊಳ್ಳುತ್ತವೆ. ವೇಗ ಏರಿದಂತೆ ಕತ್ತರಿ ಬರುತ್ತದೆ, ಪಿಯಾನೊದ ಕೀಲಿಗಳ ನಡುವೆ ಇಲಿಬೋನು ಬರುತ್ತದೆ, ಬೆಕ್ಕು ಕಾಲಿನಿಂದ ನುಡಿಸುವ ಹಂತವೂ ಬರುತ್ತದೆ. ಕೊನೆಯಲ್ಲಿ ಇಲಿ ಸುತ್ತಿಗೆಗಳನ್ನೇ ಕಿತ್ತು ಕೈಗೆ ತೆಗೆದುಕೊಂಡು ತಂತಿಗಳ ಮೇಲೆ ತಾನೇ ಉಪಸಂಹಾರವನ್ನು ನುಡಿಸುತ್ತದೆ. ಬಟ್ಟೆ ಹರಿದು, ಬೆವರಿಳಿದು, ಬೆಕ್ಕು ಕುಸಿಯುತ್ತದೆ. ಚಪ್ಪಾಳೆಯ ನಡುವೆ ಬೆಳಕು ಬೀಳುವುದು ಇಲಿಯ ಮೇಲೆ.

ಈ ಚಿತ್ರವನ್ನು ಮಕ್ಕಳ ಮನರಂಜನೆಯ ಕಪಾಟಿನಲ್ಲಿಟ್ಟು ಮರೆಯುವುದು ಅನ್ಯಾಯ. ಇಪ್ಪತ್ತನೆಯ ಶತಮಾನದ ಚಲನಚಿತ್ರಕಲೆ ಸೃಷ್ಟಿಸಿದ ಅತ್ಯಂತ ಪರಿಪೂರ್ಣ ಕೃತಿಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ. ಮಾತನ್ನು ಬಹುಪಾಲು ಕೈಬಿಟ್ಟು ಕಾಲದ ಅಳತೆಯನ್ನೇ ಭಾಷೆಯಾಗಿಸಿಕೊಂಡದ್ದರಿಂದ ಈ ಕಲೆಗೆ ಯಾವ ಊರೂ ಪರಊರಾಗಲಿಲ್ಲ. ಕಲಬುರಗಿಯ ಅಂಚಿನ ನಂದೂರಿನಲ್ಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ, ‘ಕಾರ್ಟೂನ್ ಹಚ್ಚ್ರಿ’ ಎಂದು ಹಟ ಹಿಡಿಯುವ ಮಗುವಿಗೆ ಹಾಲಿವುಡ್ಡಿನ ಬೆಕ್ಕು ಯಾವ ಭಾಷೆಯದೆಂಬ ಪ್ರಶ್ನೆಯೇ ಹುಟ್ಟುವುದಿಲ್ಲ.

ಅಳತೆ ಎಂದರೆ ಎಂಥದು? ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಏಳು ನಿಮಿಷಕ್ಕೆ ಹತ್ತು ಸಾವಿರಕ್ಕೂ ಮೇಲೆ. ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿನಷ್ಟು ಕಾಲ ನಿಲ್ಲಿಸುವ ರೂಢಿಯಿತ್ತೆಂದು ಲೆಕ್ಕ ಹಾಕಿದರೂ ಸಾವಿರಾರು ರೇಖಾಚಿತ್ರಗಳು ಕೈಯಿಂದಲೇ ಮೂಡಬೇಕು. ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದರು ಬರೆದರೆ, ಒಂದು ಭಂಗಿಯಿಂದ ಇನ್ನೊಂದಕ್ಕೆ ಸಾಗುವ ನಡುವಿನ ಚಿತ್ರಗಳನ್ನು ಕಿರಿಯರು ತುಂಬುತ್ತಿದ್ದರು. ಆ ರೇಖೆಗಳನ್ನು ಪಾರದರ್ಶಕ ಹಾಳೆಗೆ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬಿ, ಪ್ರತ್ಯೇಕವಾಗಿ ಚಿತ್ರಿಸಿದ ಹಿನ್ನೆಲೆಯ ಮೇಲಿಟ್ಟು, ಒಂದೊಂದಾಗಿ ಛಾಯಾಗ್ರಹಣ ಮಾಡಬೇಕು. ಬಣ್ಣದ ವಿಭಾಗದಲ್ಲಿ ದುಡಿದವರು ಬಹುಪಾಲು ಹೆಣ್ಣುಮಕ್ಕಳು. ಅವರ ಹೆಸರು ತೆರೆಯ ಮೇಲೆ ಬರಲೇ ಇಲ್ಲ.

‘ಕ್ಯಾಟ್ ಕಾನ್ಸರ್ಟೊ’ದ ಮಟ್ಟಿಗೆ ಕೆಲಸದ ಕ್ರಮವೇ ತಿರುವುಮುರುವಾಗಿತ್ತು. ಸಾಮಾನ್ಯವಾಗಿ ಚಿತ್ರದ ನಡೆಯನ್ನು ಗೊತ್ತುಪಡಿಸಿದ ಮೇಲೆ ಅದಕ್ಕೆ ಸಂಗೀತ ಹೊಂದಿಸುತ್ತಾರೆ. ಇಲ್ಲಿ ಪಿಯಾನೊ ವಾದನ ಮೊದಲು ಧ್ವನಿಮುದ್ರಣಗೊಂಡು, ಅದರ ಪ್ರತಿ ಸ್ವರವನ್ನು ಅಳೆದು ಚಿತ್ರ ಬರೆಯಬೇಕಾಯಿತು. ಕೆನೆತ್ ಮ್ಯೂಸ್, ಎಡ್ ಬಾರ್ಜ್, ಇರ್ವನ್ ಸ್ಪೆನ್ಸ್ ಎಂಬ ಮೂವರು ಚಿತ್ರಕಾರರು ಬೆಕ್ಕಿನ ಬೆರಳುಗಳನ್ನು ಎಷ್ಟು ಶ್ರದ್ಧೆಯಿಂದ ನಡೆಸಿದರೆಂದರೆ, ಸ್ವರ ಮೇಲೇರಿದಾಗ ಕೈ ಬಲಕ್ಕೆ ಹೋಗುತ್ತದೆ, ಇಳಿದಾಗ ಎಡಕ್ಕೆ ಬರುತ್ತದೆ, ಎರಡು ಕೈ ಒಂದನ್ನೊಂದು ದಾಟುವೆಡೆಯಲ್ಲಿ ದಾಟಿಯೇ ದಾಟುತ್ತವೆ. ಪಿಯಾನೊ ಬಲ್ಲವರು ಇಂದಿಗೂ ಈ ಬೆರಳುಗಳನ್ನು ಮೆಚ್ಚಿ ಮಾತಾಡುತ್ತಾರೆ. ವಾದಕ ಬೆಕ್ಕೇ ಆಗಿರಲಿ, ಕಲಾವಿದರು ಸಂಗೀತಕ್ಕೆ ಸಲ್ಲಿಸಿದ ಗೌರವ ಮನುಷ್ಯ ಕಲಾವಿದನಿಗೆ ಸಲ್ಲುವ ಗೌರವಕ್ಕಿಂತ ಕಡಿಮೆಯದಲ್ಲ.

ಈ ಜೋಡಿಯ ಜನಕರೂ ಒಂದು ಜೋಡಿಯೇ. ವಿಲಿಯಂ ಹ್ಯಾನಾ ಹುಟ್ಟಿದ್ದು 1910ರಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ಒಂದು ಸಣ್ಣ ಊರಲ್ಲಿ. ಜೋಸೆಫ್ ಬಾರ್ಬೆರಾ 1911ರಲ್ಲಿ, ನ್ಯೂಯಾರ್ಕ್ ಮಹಾನಗರದಲ್ಲಿ. ಚಿತ್ರಕಲೆಗೆ ಬರುವ ಮೊದಲು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದಾತ. ಇಬ್ಬರೂ ಸೇರಿದ್ದು ಮೆಟ್ರೋ-ಗೋಲ್ಡ್‌ವಿನ್-ಮೇಯರ್, ಅಂದರೆ ಎಂಜಿಎಂ, ಸ್ಟುಡಿಯೊದ ವ್ಯಂಗ್ಯಚಿತ್ರ ವಿಭಾಗದಲ್ಲಿ. ಬಾರ್ಬೆರಾ ಕಥೆ ಹೆಣೆದು ಚಿತ್ರ ಬರೆಯುವವರು, ಹ್ಯಾನಾ ಕಾಲಜ್ಞಾನಿ. ಯಾವ ಪೆಟ್ಟು ಎಷ್ಟನೆಯ ಚೌಕಟ್ಟಿನಲ್ಲಿ ಬೀಳಬೇಕು, ಬಿದ್ದ ಮೇಲೆ ಎಷ್ಟು ಹೊತ್ತು ಸ್ತಬ್ಧತೆ ಇರಬೇಕು ಎಂಬುದನ್ನು ತಾಳದ ಲೆಕ್ಕದಲ್ಲಿ ಹಾಳೆಯ ಮೇಲೆ ಬರೆದಿಡುತ್ತಿದ್ದರು. ಟಾಮ್‌ನ ಆ ಜಗತ್ಪ್ರಸಿದ್ಧ ಚೀತ್ಕಾರ ಕೂಡ ಹ್ಯಾನಾ ಅವರ ಕಂಠದಿಂದಲೇ ಹೊರಟದ್ದು.

1940ರ ಫೆಬ್ರುವರಿ 10ರಂದು ಬಿಡುಗಡೆಯಾದ ‘ಪುಸ್ ಗೆಟ್ಸ್ ದ ಬೂಟ್’ ಅವರ ಮೊದಲ ಬೆಕ್ಕು-ಇಲಿ ಚಿತ್ರ. ಅದರಲ್ಲಿ ಬೆಕ್ಕಿನ ಹೆಸರು ಜಾಸ್ಪರ್. ಇಲಿಗೆ ತೆರೆಯ ಮೇಲೆ ಹೆಸರೇ ಇಲ್ಲ. ಬೆಕ್ಕು ಇಲಿಯನ್ನು ಅಟ್ಟಿಸುವ ಕಥೆ ಹಳಸಲೆಂದು ಸ್ಟುಡಿಯೊದಲ್ಲೇ ಹಲವರು ಮೂಗುಮುರಿದಿದ್ದರು. ಚಿತ್ರ ಆಸ್ಕರ್ ನಾಮನಿರ್ದೇಶನ ಪಡೆಯಿತು. ಟೆಕ್ಸಾಸ್‌ನ ಚಿತ್ರಮಂದಿರ ಸಮೂಹವೊಂದರ ಬೆಸ್ಸಾ ಶಾರ್ಟ್ ಎಂಬಾಕೆ, ಇಂಥ ಚಿತ್ರ ಇನ್ನೂ ಬರುತ್ತದೆಯೇ ಎಂದು ಕೇಳಿ ಪತ್ರ ಬರೆದರು. ಆ ಪತ್ರ ಅಧಿಕಾರಿಗಳ ಮನಸ್ಸನ್ನು ತಿರುಗಿಸಿತು. ಹೊಸ ಹೆಸರಿಗಾಗಿ ಸ್ಟುಡಿಯೊದೊಳಗೆ ಸ್ಪರ್ಧೆ ನಡೆದು, ಜಾನ್ ಕಾರ್ ಎಂಬ ಚಿತ್ರಕಾರ ಸೂಚಿಸಿದ ‘ಟಾಮ್’, ‘ಜೆರ್ರಿ’ ಗೆದ್ದವು. ಬಹುಮಾನ 50 ಡಾಲರ್. ಒಬ್ಬ ಪ್ರದರ್ಶಕಿಯ ಒಂದು ಪತ್ರ ಇಲ್ಲದಿದ್ದರೆ ಜಗತ್ತಿನ ಕೋಟ್ಯಂತರ ಮಕ್ಕಳ ಸಂಜೆಗಳು ಬೇರೆಯೇ ಆಗಿರುತ್ತಿದ್ದವು.

ಆ ಮೊದಲ ಚಿತ್ರವೂ ಸೇರಿ, 1958ರವರೆಗಿನ ಹದಿನೆಂಟು ವರ್ಷಗಳಲ್ಲಿ ಈ ಇಬ್ಬರ ಕೈಯಿಂದ 114 ಚಿತ್ರಗಳು ಹೊರಬಂದವು. ಹದಿಮೂರು ಬಾರಿ ಆಸ್ಕರ್ ನಾಮನಿರ್ದೇಶನ, ಏಳು ಬಾರಿ ಪ್ರಶಸ್ತಿ. ‘ದ ಯಾಂಕೀ ಡೂಡಲ್ ಮೌಸ್’, ‘ಮೌಸ್ ಟ್ರಬಲ್’, ‘ಕ್ವೈಟ್ ಪ್ಲೀಸ್!’, ‘ದ ಕ್ಯಾಟ್ ಕಾನ್ಸರ್ಟೊ’ ಎಂದು ಸಾಲಾಗಿ ನಾಲ್ಕು ವರ್ಷ ಬೇರೆ ಯಾವ ವ್ಯಂಗ್ಯಚಿತ್ರಕ್ಕೂ ಆ ಪ್ರತಿಮೆ ದಕ್ಕಲಿಲ್ಲ. ಒಟ್ಟು ಏಳು ಪ್ರಶಸ್ತಿಗಳೆಂದರೆ ವಾಲ್ಟ್ ಡಿಸ್ನಿಯ ‘ಸಿಲಿ ಸಿಂಫನೀಸ್’ ಮಾಲಿಕೆಯನ್ನು ಸರಿಗಟ್ಟಿದ ಸಾಧನೆ. ಪ್ರತಿಮೆಗಳನ್ನು ವೇದಿಕೆಯಲ್ಲಿ ಸ್ವೀಕರಿಸಿದವರು ಮಾತ್ರ ನಿರ್ಮಾಪಕ ಫ್ರೆಡ್ ಕ್ವಿಂಬಿ. ನಿರ್ದೇಶಕರಿಬ್ಬರನ್ನು ಮೇಲೆ ಕರೆಯಲಿಲ್ಲ. ‘ಕ್ಯಾಟ್ ಕಾನ್ಸರ್ಟೊ’ದ ಗೆಲುವಿಗೆ ವಿವಾದದ ನೆರಳೂ ಇತ್ತು. ಅದೇ ಲಿಸ್ಟ್ ಕೃತಿಯನ್ನು ಬಗ್ಸ್ ಬನ್ನಿ ಮೊಲ ನುಡಿಸುವ ‘ರಾಪ್ಸೊಡಿ ರ್‍ಯಾಬಿಟ್’ ಎಂಬ ವಾರ್ನರ್ ಸಂಸ್ಥೆಯ ಚಿತ್ರ ಕೆಲವೇ ತಿಂಗಳು ಮೊದಲು ಬಂದಿತ್ತು, ಅಲ್ಲೂ ಒಂದು ಇಲಿಯಿತ್ತು. ಎರಡೂ ಒಂದೇ ಸಾಲಿನ ಪ್ರಶಸ್ತಿಗೆ ಬಂದಾಗ ಯಾರು ಯಾರ ಕಲ್ಪನೆಯನ್ನು ತೆಗೆದುಕೊಂಡರೆಂಬ ಆರೋಪ ಪ್ರತ್ಯಾರೋಪಗಳು ಎದ್ದವು. ಎರಡನ್ನೂ ಒಟ್ಟಿಗಿಟ್ಟು ನೋಡಿದರೆ, ಮೊಲದ ಚಿತ್ರ ಹೆಚ್ಚು ನಗಿಸುತ್ತದೆ. ಬೆಕ್ಕಿನ ಚಿತ್ರ ಹೆಚ್ಚು ಕಾಲ ಮನಸ್ಸಿನಲ್ಲಿ ನಿಲ್ಲುತ್ತದೆ. ತೀರ್ಪುಗಾರರ ಆಯ್ಕೆ ಸರಿಯಾಗಿತ್ತೆಂಬುದೇ ಈ ಲೇಖಕನ ನಿಲುವು.

ಮಾತಿನ ಜಾಗದಲ್ಲಿ ಸಂಗೀತವನ್ನು ಕೂರಿಸಿದ ಮಹನೀಯರ ಹೆಸರು ಸ್ಕಾಟ್ ಬ್ರ್ಯಾಡ್ಲಿ. 1891ರಲ್ಲಿ ಅರ್ಕಾನ್ಸಾಸ್‌ನಲ್ಲಿ ಹುಟ್ಟಿದ ಈ ಸಂಯೋಜಕರ ಕೈಯಲ್ಲಿ ಎಂಜಿಎಂನ ವಾದ್ಯವೃಂದವೇ ಇತ್ತು. ಬೆಕ್ಕು ಕಾಲಿನ ಬೆರಳ ಮೇಲೆ ನಡೆದರೆ ಪಿಟೀಲಿನ ತಂತಿ ಮೀಟುತ್ತದೆ; ಅದೇ ಬೆಕ್ಕು ಮೆಟ್ಟಿಲುರುಳಿದರೆ ಹಿತ್ತಾಳೆಯ ತುತ್ತೂರಿಗಳು ಒಂದರ ಮೇಲೊಂದು ಕುಸಿಯುತ್ತವೆ. ಇಪ್ಪತ್ತನೆಯ ಶತಮಾನದ ಯುರೋಪಿನಲ್ಲಿ ವಿದ್ವಾಂಸರಷ್ಟೇ ಚರ್ಚಿಸುತ್ತಿದ್ದ ಹನ್ನೆರಡು ಸ್ವರಗಳ ಸಂಯೋಜನಾ ಪದ್ಧತಿಯನ್ನು ಬ್ರ್ಯಾಡ್ಲಿ 1944ರ ‘ಪುಟ್ಟಿನ್ ಆನ್ ದ ಡಾಗ್’ ಚಿತ್ರದಲ್ಲಿ ಬಳಸಿದರು. ಸಂಗೀತ ಶಾಲೆಗಳು ಅಂಜುತ್ತಿದ್ದ ಸ್ವರಗಳನ್ನು ಮಕ್ಕಳು ಪಾಪ್‌ಕಾರ್ನ್ ತಿನ್ನುತ್ತ ಕೇಳಿ ನಕ್ಕರು.

ಹಾಗೆಂದು ಈ ಭಂಡಾರದಲ್ಲಿ ಎಲ್ಲವೂ ನಿಷ್ಕಳಂಕವಲ್ಲ. ಮನೆಗೆಲಸದ ಕಪ್ಪು ಮಹಿಳೆಯನ್ನು ಕಾಲು ಮತ್ತು ಧ್ವನಿಯಷ್ಟೇ ಆಗಿ ತೋರಿಸಿದ ರೀತಿ ಅಂದಿನ ಅಮೆರಿಕದ ವರ್ಣಭೇದದ ಮುದ್ರೆಯನ್ನು ಹೊತ್ತಿದೆ. ಆ ಪಾತ್ರಕ್ಕೆ ಧ್ವನಿಯಾದ ಲಿಲಿಯನ್ ರ್‍ಯಾಂಡಾಲ್ಫ್ ಪ್ರತಿಭಾವಂತ ನಟಿಯಾಗಿದ್ದರೂ ಪಾತ್ರದ ಅವಮಾನ ಅದರಿಂದ ಕರಗುವುದಿಲ್ಲ. ಸ್ಫೋಟದ ನಂತರ ಮುಖ ಕಪ್ಪಾಗಿಸಿ ಹಾಸ್ಯ ಹೊರಡಿಸುವ ದೃಶ್ಯಗಳೂ ಇವೆ. ಮುಂದೆ ದೂರದರ್ಶನಕ್ಕೆ ಬಂದಾಗ ಕೆಲವನ್ನು ಕತ್ತರಿಸಿದರು, ಕೆಲವಕ್ಕೆ ಹೊಸ ಧ್ವನಿ ಕೂಡಿಸಿದರು. ಮಕ್ಕಳ ಜೊತೆ ಕೂತು ನೋಡುವ ಹಿರಿಯರು ಇಂಥ ಕಡೆ ಎರಡು ಮಾತು ಹೇಳುವುದು ಒಳ್ಳೆಯದು.

ಬೆಕ್ಕು-ಇಲಿಯ ವೈರ ಹಾಲಿವುಡ್ಡಿನ ಸೃಷ್ಟಿಯಲ್ಲ. ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮ ಧರ್ಮರಾಯನಿಗೆ ಹೇಳುವ ಒಂದು ಕಥೆಯನ್ನು ಓದಿದವರಿಗೆ ಟಾಮ್ ಮತ್ತು ಜೆರ್ರಿಯ ಅರ್ಧ ಕಥಾಸಾಹಿತ್ಯ ಅಲ್ಲೇ ಸಿಕ್ಕಿಬಿಡುತ್ತದೆ. ಆಲದ ಮರದ ಬುಡದಲ್ಲಿ ಪಲಿತನೆಂಬ ಇಲಿ, ಮೇಲೆ ಲೋಮಶನೆಂಬ ಬೆಕ್ಕು. ಒಂದು ದಿನ ಬೆಕ್ಕು ಬೇಡನ ಬಲೆಗೆ ಬೀಳುತ್ತದೆ. ಅದೇ ಹೊತ್ತಿಗೆ ಇಲಿಯನ್ನು ಒಂದು ಕಡೆಯಿಂದ ಮುಂಗುಸಿ, ಇನ್ನೊಂದು ಕಡೆಯಿಂದ ಗೂಬೆ ಹೊಂಚುತ್ತವೆ. ಇಲಿ ಬೆಕ್ಕಿನ ಮಡಿಲಿಗೇ ಹೋಗಿ ಆಶ್ರಯ ಪಡೆಯುತ್ತದೆ. ಪ್ರತಿಯಾಗಿ ಬಲೆ ಕಡಿಯುವ ಮಾತು ಕೊಡುತ್ತದೆ. ಆದರೆ ಬೇಡ ಹತ್ತಿರ ಬರುವ ತನಕ ಕೊನೆಯ ಎಳೆಯನ್ನು ಕಡಿಯುವುದಿಲ್ಲ. ಬಿಡುಗಡೆಯಾದ ಬೆಕ್ಕು ಸ್ನೇಹದ ಮಾತಾಡಿದರೆ ಇಲಿ ಬಿಲದೊಳಗಿಂದಲೇ ಉತ್ತರಿಸುತ್ತದೆ. ಸಮಾನ ಶತ್ರು ಎದುರಾದಾಗ ಒಂದಾಗುವ, ಅಪಾಯ ಕಳೆದೊಡನೆ ಮತ್ತೆ ಬೇರಾಗುವ ಈ ನೀತಿಯೇ ಟಾಮ್ ಮತ್ತು ಜೆರ್ರಿಯ ಎಷ್ಟೋ ಚಿತ್ರಗಳ ಜೀವಾಳ. ಮಾಮಲ್ಲಪುರದ ಏಳನೆಯ ಶತಮಾನದ ಬೃಹತ್ ಶಿಲಾಫಲಕದಲ್ಲಿ ಮುಂಗಾಲೆತ್ತಿ ತಪಸ್ಸಿಗೆ ನಿಂತ ಕಪಟ ಬೆಕ್ಕೂ, ಅದರ ಬಳಿ ನೆರೆದ ಇಲಿಗಳೂ ಇಂದಿಗೂ ಕಾಣುತ್ತವೆ. ಇನ್ನು ಪ್ರಾಣಿಕಥೆಗಳ ಮಹಾನಿಧಿಯಾದ ಪಂಚತಂತ್ರವನ್ನು 1031ರ ಸುಮಾರಿಗೆ ಕನ್ನಡಕ್ಕೆ ತಂದ ದುರ್ಗಸಿಂಹ, ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಬಳಿ ಸಂಧಿವಿಗ್ರಹಿಯಾಗಿದ್ದ ಕವಿ. ಇಂದಿನ ಕಲ್ಯಾಣ ಕರ್ನಾಟಕ ಆ ಸಾಮ್ರಾಜ್ಯದ ಹೃದಯಭಾಗ. ಯುದ್ಧ ಮತ್ತು ಸಂಧಿಯ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಮಂತ್ರಿಯೇ ಪ್ರಾಣಿಗಳ ವೈರ-ಸ್ನೇಹವನ್ನು ಬರೆದನೆಂಬುದು ನಮ್ಮ ಸಾಹಿತ್ಯಚರಿತ್ರೆಯ ಸೊಗಸಾದ ಸಂಗತಿಗಳಲ್ಲೊಂದು.

ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೊಗೂ ಕಲಬುರಗಿಗೂ ಕುಂಚದ ನಂಟೊಂದಿದೆ. ನಗರದ ಸಭೆ-ಸಮಾರಂಭಗಳಿಗೆ ಹೋಗುವವರೆಲ್ಲ ಡಾ. ಎಸ್.ಎಂ. ಪಂಡಿತ ರಂಗಮಂದಿರವನ್ನು ಬಲ್ಲರು. ಆ ಹೆಸರಿನ ಕಲಾವಿದ ಸಾಂಬಾನಂದ ಮೊನಪ್ಪ ಪಂಡಿತ 1916ರಲ್ಲಿ ಗುಲಬರ್ಗಾದಲ್ಲಿ ಹುಟ್ಟಿ, ಮುಂಬಯಿಯಲ್ಲಿ ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಕಲಿತು, ಭಾರತದ ಕ್ಯಾಲೆಂಡರ್ ಕಲೆಯ ದಿಗ್ಗಜರಾದವರು. ಲಕ್ಷಾಂತರ ಮನೆಗಳ ಗೋಡೆಗಳ ಮೇಲೆ ಅವರು ಬರೆದ ದೇವತೆಗಳೂ ಪುರಾಣಪುರುಷರೂ ನೆಲೆಸಿದರು. ಆ ಖ್ಯಾತಿ ಬರುವ ಮೊದಲು ಅವರ ಕುಂಚ ದುಡಿದದ್ದು ಸಿನಿಮಾ ಪ್ರಚಾರಕ್ಕೆ. ಎಂಜಿಎಂ ಕಂಪನಿಯು ಮುಂಬಯಿಯಲ್ಲಿ 1938ರಲ್ಲಿ ತೆರೆದ ಮೆಟ್ರೋ ಚಿತ್ರಮಂದಿರಕ್ಕಾಗಿ ಪಂಡಿತರು ಆ ಕಂಪನಿಯ ಚಿತ್ರಗಳ ಪ್ರಚಾರ ಫಲಕಗಳನ್ನು ಬರೆದರು. ಮುಂದೆ ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೂ, ರಾಜ್ ಕಪೂರರ ‘ಬರಸಾತ್’ ಚಿತ್ರಕ್ಕೂ ಅವರ ಕೈಯ ಚಿತ್ರಗಳು ಮೂಡಿದವು. 1993ರಲ್ಲಿ ಅವರು ತೀರಿಕೊಂಡರು.

ಈ ನಂಟನ್ನು ಇದ್ದುದಕ್ಕಿಂತ ಹಿಗ್ಗಿಸುವ ಅಗತ್ಯವಿಲ್ಲ. ಪಂಡಿತರ ಕ್ಷೇತ್ರ ನಿಶ್ಚಲ ಚಿತ್ರ. ಹ್ಯಾನಾ-ಬಾರ್ಬೆರಾ ಅವರದು ಚಲಿಸುವ ಚಿತ್ರ. ಆದರೆ ಒಂದೇ ಕಂಪನಿಗಾಗಿ, ಒಂದೇ ಕಾಲಘಟ್ಟದ ಅಂಚಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಇಬ್ಬರು, ಮುಂಬಯಿಯಲ್ಲಿ ನಮ್ಮ ಕಲಬುರಗಿಯವರೊಬ್ಬರು ರೇಖೆಯ ಮೇಲೆ ರೇಖೆ ಎಳೆಯುತ್ತಿದ್ದರು ಎಂಬ ಸತ್ಯ ಈ ಭಾಗದ ಚಿತ್ರಕಲಾ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು. ಪ್ರಚಾರ ಫಲಕವೂ ಮಾತಿಲ್ಲದ ಕಲೆಯೇ. ಬೀದಿಯಲ್ಲಿ ಹೋಗುವವನ ಕಣ್ಣನ್ನು ಕ್ಷಣಾರ್ಧದಲ್ಲಿ ಹಿಡಿದು ನಿಲ್ಲಿಸಬೇಕು, ಓದು ಬರಲಿ ಬಾರದಿರಲಿ ಕಥೆಯ ಸಾರ ಅವನಿಗೆ ದಾಟಬೇಕು. ಪಂಡಿತರ ರೇಖೆಗಳ ನಾಟಕೀಯತೆ ಆ ಶಿಸ್ತಿನಲ್ಲಿ ಪಳಗಿದ್ದು.

ಚಲಿಸುವ ಚಿತ್ರ ಕಲಬುರಗಿಯ ಹಳ್ಳಿಗಳಿಗೆ ಮನೆಯ ಪೆಟ್ಟಿಗೆಯ ಮೂಲಕ ಬಂದ ಬಗೆ ಇನ್ನೂ ರೋಮಾಂಚಕ. ವಿಕ್ರಮ ಸಾರಾಭಾಯಿ ಅವರ ಕನಸಿನ ಫಲವಾಗಿ, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತ ಒಂದು ಅಪೂರ್ವ ಪ್ರಯೋಗ ನಡೆಸಿತು. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಪೂರ್ವ ಆಫ್ರಿಕದ ಮೇಲಿನ ಆಕಾಶಕ್ಕೆ ಸರಿಸಿ ನಿಲ್ಲಿಸಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ದೂರದರ್ಶನದ ಕಾರ್ಯಕ್ರಮ ಕಳಿಸಲಾಯಿತು. ಸೈಟ್ ಎಂಬ ಸಂಕ್ಷಿಪ್ತ ನಾಮದ ಈ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಗುಲಬರ್ಗಾ, ರಾಯಚೂರು, ವಿಜಾಪುರ. ಕೋಳಿಗೂಡಿಗೆ ಬಳಸುವ ತಂತಿ ಜಾಲರಿಯಿಂದ ಮಾಡಿದ, ಹತ್ತಡಿ ಅಗಲದ ಬೋಗುಣಿಯಾಕಾರದ ಆಂಟೆನಾಗಳು ಹಳ್ಳಿಗಳಲ್ಲಿ ಎದ್ದು ನಿಂತವು. ಬೆಳಗ್ಗೆ ಶಾಲಾಮಕ್ಕಳಿಗೆ, ಸಂಜೆ ಹಿರಿಯರಿಗೆ ಎಂದು ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಉಪಗ್ರಹದಿಂದ ಬರುತ್ತಿದ್ದ ಚಿತ್ರ ಒಂದೇ, ಅದರೊಡನೆ ಧ್ವನಿಯ ವಾಹಿನಿಗಳು ಎರಡು. ಒಂದೇ ದೃಶ್ಯಕ್ಕೆ ಎರಡು ಭಾಷೆಯ ಮಾತು ಜೋಡಿಸುವ ಸೌಕರ್ಯ ಅದರಲ್ಲಿತ್ತು. ಭಾಷೆ ದಾಟುವ ಸಮಸ್ಯೆಯನ್ನು ವಿಜ್ಞಾನಿಗಳು ಹೀಗೆ ಬಿಡಿಸಿದ್ದರು.

ಉಪಗ್ರಹ ಹಿಂದಿರುಗಿದ ಮೇಲೆ ಹಳ್ಳಿಗಳ ಪರದೆ ಬರಿದಾಗಬಾರದೆಂದು ನೆಲದ ಮೇಲೆ ಪ್ರಸಾರ ಕೇಂದ್ರಗಳು ಬಂದವು. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರ ದಕ್ಕಿತು. ರಾಜಧಾನಿ ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು! ಹಿಂದುಳಿದ ಪ್ರದೇಶವೆಂದು ಸದಾ ಕರೆಸಿಕೊಂಡ ಈ ನೆಲ ಕರ್ನಾಟಕದಲ್ಲಿ ಎಲ್ಲರಿಗಿಂತ ಮೊದಲು ದೂರದರ್ಶನ ಕಂಡಿತೆಂಬುದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಟಾಮ್ ಮತ್ತು ಜೆರ್ರಿಗೆ ಭಾರತದಲ್ಲಿ ಖಾಯಂ ಮನೆ ಸಿಕ್ಕಿದ್ದು 1995ರ ಮೇ 1ರಂದು, ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಆರಂಭವಾದಾಗ. ಎಂಜಿಎಂನ ಹಳೆಯ ಚಿತ್ರಭಂಡಾರವನ್ನು ಟೆಡ್ ಟರ್ನರ್ 1986ರಲ್ಲೇ ಕೊಂಡಿದ್ದರು. ಆ ಭಂಡಾರವೇ ಅವರ ವಾಹಿನಿಗಳಿಗೆ ಮೂಲಧನ. ಹಗಲು ಕಾರ್ಟೂನ್, ರಾತ್ರಿ ಅದೇ ವಾಹಿನಿಯಲ್ಲಿ ಟರ್ನರ್ ಅವರದೇ ಟಿಎನ್‌ಟಿಯ ಹಳೆಯ ಹಾಲಿವುಡ್ ಸಿನಿಮಾ. ಕೇಬಲ್ ತಂತಿ ಗಲ್ಲಿಗಲ್ಲಿಗೆ ಎಳೆದ ಆ ವರ್ಷಗಳಲ್ಲಿ ಕಲಬುರಗಿಯ ಮನೆಗಳಿಗೂ ಅದು ಬಂತು. ಆಗ ವಾಹಿನಿಯ ಮಾತು ಇಂಗ್ಲಿಷ್. ಕಲಬುರಗಿಯ ಒಂದೇ ಓಣಿಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ನಾಲ್ಕೂ ಕೇಳಿಸುತ್ತವೆ. ಇತರ ಕಾರ್ಟೂನುಗಳ ಪಾತ್ರಗಳು ಏನು ಹರಟುತ್ತಿವೆ ಎಂದು ಮಕ್ಕಳು ಊಹಿಸಬೇಕಾದಾಗ, ಟಾಮ್ ಮತ್ತು ಜೆರ್ರಿ ಬಂದರೆ ಊಹೆಯ ಪ್ರಶ್ನೆಯೇ ಇರಲಿಲ್ಲ. ನಾಲ್ಕು ಭಾಷೆಯ ಮಕ್ಕಳು ಒಂದೇ ಕ್ಷಣಕ್ಕೆ ನಗುತ್ತಿದ್ದರು, ಅಜ್ಜಿಯಂದಿರೂ ನಗುತ್ತಿದ್ದರು.

ಕನ್ನಡದ ಮಟ್ಟಿಗೆ ಇದಕ್ಕೆ ವಿಶೇಷ ಮಹತ್ವವಿದೆ. 1960ರ ದಶಕದಿಂದಲೂ ಪರಭಾಷೆಯ ಸಿನಿಮಾ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡಬಾರದೆಂಬ ನಿಲುವು ಚಿತ್ರೋದ್ಯಮದಲ್ಲಿ ಬಲವಾಗಿತ್ತು. ಕನ್ನಡದ ಕಲಾವಿದರ, ತಂತ್ರಜ್ಞರ ದುಡಿಮೆ ಉಳಿಯಲೆಂಬ ಕಾಳಜಿ ಅದರ ಹಿಂದಿತ್ತು. ಅದರ ಬೆಲೆಯನ್ನು ಮಾತ್ರ ಮಕ್ಕಳು ತೆತ್ತರು: ನೆರೆಯ ತಮಿಳು, ತೆಲುಗು ಮಕ್ಕಳಿಗೆ ಅವರವರ ಭಾಷೆಯಲ್ಲಿ ಕಾರ್ಟೂನ್ ಸಿಗುತ್ತಿದ್ದಾಗ ಕನ್ನಡದ ಮಕ್ಕಳು ಹಿಂದಿ, ಇಂಗ್ಲಿಷಿಗೆ ಕಿವಿಯೊಡ್ಡಿ ಬೆಳೆದರು. 2009ರಲ್ಲಿ ಸನ್ ಸಮೂಹದ ಚಿಂಟು ಟಿವಿ ಬಂದಾಗಲೇ ಕನ್ನಡದಲ್ಲಿ ಮಾತಾಡುವ ಕಾರ್ಟೂನುಗಳಿಗೆ ಒಂದು ಪೂರ್ಣ ವಾಹಿನಿ ದೊರೆತದ್ದು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವ ಸಂಘಟಿತ ಕ್ರಮಗಳ ವಿರುದ್ಧ ಆದೇಶ ನೀಡಿದ ಮೇಲೆ ಬಾಗಿಲು ಮತ್ತಷ್ಟು ತೆರೆಯಿತು. ಈ ದೀರ್ಘ ಮೌನದ ದಶಕಗಳಲ್ಲಿ ಕನ್ನಡದ ಮಗು ಯಾವ ಕೊರತೆಯೂ ಇಲ್ಲದೆ ಸಂಪೂರ್ಣವಾಗಿ ಸವಿದ ವಿದೇಶಿ ಕಾರ್ಟೂನ್ ಯಾವುದೆಂದರೆ, ಬಹುಮಟ್ಟಿಗೆ ಮಾತೇ ಆಡದ ಟಾಮ್ ಮತ್ತು ಜೆರ್ರಿ.

ಮೂಲ ಮಾಲಿಕೆಯ ಅಂತ್ಯ ಲೆಕ್ಕಪತ್ರದಿಂದ ಬಂತು. ಹಳೆಯ ಚಿತ್ರಗಳನ್ನೇ ಮತ್ತೆ ಬಿಡುಗಡೆ ಮಾಡಿದರೂ ಹೊಸದರ ಹತ್ತಿರ ಹತ್ತಿರ ಹಣ ಬರುತ್ತದೆಂದು ಕಂಡುಕೊಂಡ ಎಂಜಿಎಂ 1957ರಲ್ಲಿ ತನ್ನ ವ್ಯಂಗ್ಯಚಿತ್ರ ವಿಭಾಗವನ್ನೇ ಮುಚ್ಚಿತು. ಹ್ಯಾನಾ ಮತ್ತು ಬಾರ್ಬೆರಾ ಅದೇ ವರ್ಷ ಸ್ವಂತ ಸಂಸ್ಥೆ ಕಟ್ಟಿ, ದೂರದರ್ಶನಕ್ಕಾಗಿ ಕಡಿಮೆ ಚಿತ್ರಗಳಲ್ಲಿ ಹೆಚ್ಚು ಮಾತಾಡಿಸುವ ಅಗ್ಗದ ತಂತ್ರವನ್ನು ರೂಢಿಸಿದರು. ‘ಫ್ಲಿಂಟ್‌ಸ್ಟೋನ್ಸ್’, ‘ಸ್ಕೂಬಿ-ಡೂ’ ಹುಟ್ಟಿದ್ದು ಅಲ್ಲಿ. ಬೆಕ್ಕು-ಇಲಿ ಮಾತ್ರ ಬೇರೆಯವರ ಪಾಲಾದವು. 1961-62ರಲ್ಲಿ ಜೀನ್ ಡೈಚ್ ದೂರದ ಪ್ರಾಗ್ ನಗರದಲ್ಲಿ ಕುಳಿತು 13 ಚಿತ್ರ ಮಾಡಿದರು. 1963ರಿಂದ 67ರವರೆಗೆ ಚಕ್ ಜೋನ್ಸ್ 34 ಚಿತ್ರಗಳ ಹೊಣೆ ಹೊತ್ತರು. ಅವರ ಟಾಮ್‌ಗೆ ದಪ್ಪ ಹುಬ್ಬು, ಜೆರ್ರಿಗೆ ದೊಡ್ಡ ಕಣ್ಣು. ಹಿನ್ನೆಲೆಗಳು ಸುಂದರ, ಆದರೆ ಹ್ಯಾನಾ ಅವರ ತಾಳಜ್ಞಾನ ಅಲ್ಲಿಲ್ಲ. ಪೆಟ್ಟು ಬೀಳುತ್ತದೆ, ನೋವು ತಟ್ಟುವುದಿಲ್ಲ. 2001ರಲ್ಲಿ ಹ್ಯಾನಾ, 2006ರಲ್ಲಿ ಬಾರ್ಬೆರಾ ಕಣ್ಮರೆಯಾದರು. 2021ರ ಪೂರ್ಣಾವಧಿ ಚಿತ್ರದಲ್ಲಿ ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ನಡೆಯುವ ಮದುವೆಯ ವಧು ಭಾರತೀಯ ಮೂಲದ ಪ್ರೀತಾ. ಮದುವೆ ಮಂಟಪಕ್ಕೆ ಆನೆಗಳೂ ಬರುತ್ತವೆ. ಎಂಬತ್ತು ವರ್ಷಗಳ ತರುವಾಯ ಬೆಕ್ಕು ಮತ್ತು ಇಲಿ ಹೀಗೆ ಭಾರತದ ಕಡೆಗೆ ಒಂದು ಹೆಜ್ಜೆ ಇಟ್ಟವು.

ಈ ನಡುವೆ ಕರ್ನಾಟಕವೂ ಚಿತ್ರ ಚಲಿಸುವ ವಿದ್ಯೆಯ ದೊಡ್ಡ ನೆಲೆಯಾಗಿದೆ. ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಕ್ಷೇತ್ರಗಳಿಗೆಂದೇ 2012ರಲ್ಲಿ ನೀತಿ ರೂಪಿಸಿದ ನಮ್ಮ ರಾಜ್ಯ ದೇಶದಲ್ಲೇ ಮೊದಲನೆಯದು. ಈಗ 2024-29ರ ಮೂರನೆಯ ನೀತಿ ಜಾರಿಯಲ್ಲಿದೆ. 2019ರ ‘ದ ಲಯನ್ ಕಿಂಗ್’ ಚಿತ್ರದ ಸಿಂಹಗಳ ಹಿಂದೆ ಬೆಂಗಳೂರಿನ ಕಲಾವಿದರ ದುಡಿಮೆಯೂ ಇತ್ತು. ಉದ್ಯಮದ ನೆಲ ಗಟ್ಟಿಯಿಲ್ಲವೆಂಬುದಕ್ಕೆ 2025ರ ಫೆಬ್ರುವರಿಯಲ್ಲಿ ಟೆಕ್ನಿಕಲರ್ ಸಂಸ್ಥೆಯ ಬೆಂಗಳೂರು ಘಟಕ ಬಾಗಿಲು ಹಾಕಿದ್ದೇ ಸಾಕ್ಷಿ. ಆದರೂ ದಾರಿ ಮುಚ್ಚಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ದೃಶ್ಯಕಲಾ ವಿಭಾಗವಿದೆ, ಪಂಡಿತರ ಪರಂಪರೆಯಿದೆ, ನಂದೂರ-ಕೆಸರಟಗಿ ಕೈಗಾರಿಕಾ ಪ್ರದೇಶದಂಥ ದುಡಿಮೆಯ ನೆಲವಿದೆ. ಕಾಗದದ ಪುಟಗಳನ್ನು ಸರಸರನೆ ತಿರುವಿದರೆ ಬೆಕ್ಕು ಓಡಬೇಕು, ಅಷ್ಟಕ್ಕೆ ಪೆನ್ಸಿಲ್ ಸಾಕು. ಬೇಕಿರುವುದು ತಾಳ್ಮೆ ಮತ್ತು ಲೆಕ್ಕ. ಕಲ್ಯಾಣ ಕರ್ನಾಟಕದ ಶಾಲೆಗಳ ಚಿತ್ರಕಲಾ ಶಿಕ್ಷಕರು ಏಳನೆಯ ತರಗತಿಯ ಮಕ್ಕಳಿಗೆ ಈ ಆಟ ಕಲಿಸಿದರೆ, ಬೆಂಗಳೂರಿನ ಸ್ಟುಡಿಯೊಗಳಿಗೆ ಇಲ್ಲಿಂದ ಹೋಗುವ ಕೈಗಳು ಹೆಚ್ಚುವುದು ನಿಶ್ಚಿತ.

ಇಂದು ಟಾಮ್ ಮತ್ತು ಜೆರ್ರಿಯ ಚಿತ್ರಗಳು ಕಿಸೆಯ ಮೊಬೈಲ್ ಫೋನಿನಲ್ಲೇ ಸಿಗುತ್ತವೆ. ಆದರೆ ತುಂಡು ತುಂಡಾಗಿ, ಅಂಚು ಕತ್ತರಿಸಿ, ಮೂಲ ಸಂಗೀತ ತೆಗೆದು ಬೇರೆ ಹಾಡು ಅಂಟಿಸಿದ ತುಣುಕುಗಳೇ ಹೆಚ್ಚು. ಸಂಗೀತ ಕಿತ್ತ ಟಾಮ್ ಮತ್ತು ಜೆರ್ರಿ ನಾಲಿಗೆ ಕಿತ್ತ ನಾಟಕದಂತೆ. ಆದ್ದರಿಂದ ಕುಟುಂಬ ಸಮೇತ ನೋಡುವವರು ಪೂರ್ಣ ಚಿತ್ರಗಳನ್ನೇ ಹುಡುಕಬೇಕು, ಧ್ವನಿ ಚೆನ್ನಾಗಿರುವ ಟಿವಿಯಲ್ಲಿ ಹಾಕಬೇಕು. ಆರಂಭದ ಫಲಕದಲ್ಲಿ ಹ್ಯಾನಾ ಮತ್ತು ಬಾರ್ಬೆರಾ ಹೆಸರಿದೆಯೇ ಎಂದು ಮೊದಲು ನೋಡಿಕೊಳ್ಳಿ. ಚಿಕ್ಕ ಮಕ್ಕಳಿದ್ದರೆ ಹಸಿದ ಪುಟ್ಟ ಇಲಿಮರಿಯ ‘ದ ಲಿಟಲ್ ಆರ್ಫನ್’ನಿಂದ ಶುರು ಮಾಡಬಹುದು, ಅದರಲ್ಲಿ ನಗುವಿನಷ್ಟೇ ವಾತ್ಸಲ್ಯವಿದೆ. ಕತ್ತಿವರಸೆ ಇಷ್ಟಪಡುವವರಿಗೆ ‘ದ ಟೂ ಮೌಸ್ಕಟಿಯರ್ಸ್’. ಇಲಿ ಹಿಡಿಯುವುದು ಹೇಗೆಂದು ಪುಸ್ತಕ ತರಿಸಿಕೊಂಡು ಓದುವ ಬೆಕ್ಕಿನ ಪಾಡು ‘ಮೌಸ್ ಟ್ರಬಲ್’ನಲ್ಲಿದೆ. ಸಂಗೀತದ ರುಚಿ ಹತ್ತಿದ ಮನೆಗೆ ಏಳನೆಯ ಮತ್ತು ಕೊನೆಯ ಆಸ್ಕರ್ ತಂದ ‘ಯೋಹಾನ್ ಮೌಸ್’ ಸಿದ್ಧವಾಗಿದೆ: ವಿಯೆನ್ನಾ ನಗರದಲ್ಲಿ ಸಂಗೀತಗಾರ ಸ್ಟ್ರಾಸ್‌ನ ಮನೆಯ ಇಲಿ ವಾಲ್ಟ್ಸ್ ಕೇಳಿಸಿದೊಡನೆ ಕುಣಿಯಲು ಬಿಲದಿಂದ ಹೊರಬರುತ್ತದೆ, ಅದನ್ನು ಹಿಡಿಯಲೆಂದೇ ಬೆಕ್ಕು ಪಿಯಾನೊ ಕಲಿಯುತ್ತದೆ. ಅದರಲ್ಲಿ ಕೇಳಿಸುವ ಪಿಯಾನೊ ಯಾಕೋಬ್ ಗಿಂಪೆಲ್ ಎಂಬ ಶ್ರೇಷ್ಠ ವಾದಕರದು. ಅಪರೂಪಕ್ಕೆ ಈ ಚಿತ್ರದಲ್ಲಿ ನಿರೂಪಕನ ಮಾತು ಉದ್ದಕ್ಕೂ ಇದೆ. ಧ್ವನಿ ತಗ್ಗಿಸದೆ ನೋಡಿ, ಕಥೆ ನಡೆಸುವುದು ಆ ಮಾತಲ್ಲ, ಗಿಂಪೆಲ್ ಅವರ ಬೆರಳುಗಳೇ ಎಂಬುದು ಮಕ್ಕಳಿಗೂ ತಾನಾಗಿ ತಿಳಿಯುತ್ತದೆ.